ಹಿಮ ಬೆಳ್ಳಗಿತ್ತು, ಫೋಟೊದಲ್ಲಿ ಬೂದಿಯಾಯಿತು

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು, ನಿವೃತ್ತ ಶಿಕ್ಷಕಿ. ಕಳೆದ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೋದಾಗ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಟನಲ್ ವ್ಯೂಗೆ ಕರೆದುಕೊಂಡು ಹೋಗಿದ್ದರು. ಹಿಂದಿನ ರಾತ್ರಿ ಹಿಮ ಬಿದ್ದಿತ್ತು. ನೋಡಲು ಎರಡು ಕಣ್ಣು ಸಾಲದು. ಆದರೆ ನನ್ನ ಕ್ಯಾನನ್ 1500ಡಿ ಕ್ಯಾಮೆರಾದಲ್ಲಿ ತೆಗೆದ ಫೋಟೊಗಳೆಲ್ಲ ಬೂದಿ ಬಣ್ಣ, ಕೆಲವು ನೀಲಿ. ಈ ಜನವರಿಯಲ್ಲಿ ಮತ್ತೆ ಹೋಗುತ್ತಿದ್ದೇವೆ. ನಮ್ಮವರಿಗೆ ಮೊಣಕಾಲು ನೋವು, ದೂರ ನಡೆಯೋಕಾಗಲ್ಲ. 18-55 ಮತ್ತು 55-250 ಲೆನ್ಸ್ ಇವೆ, ಟ್ರೈಪಾಡ್ ಇದೆ. ಈ ಸಲ ಹೇಗೆ ತೆಗೆಯಲಿ? ಅಳಿಯ ಡ್ರೋನ್ ತರುತ್ತೇನೆ ಅನ್ನುತ್ತಿದ್ದಾರೆ, ತರಬಹುದಾ? ಹಳೆ ಫೋಟೊಗಳಿಗೆ ಏನಾದರೂ ಮಾಡಬಹುದಾ? ಎರಡು ಕಳಿಸಿದ್ದೇನೆ.

ಉತ್ತರ: ಅಕ್ಕೋರೆ, ಎರಡೂ ಫೋಟೊ ನೋಡಿದೆ. ಎರಡನೆಯದರಲ್ಲಿ ನಿಮ್ಮವರು ಕಲ್ಲಿನ ಕಟ್ಟೆಗೆ ಒರಗಿ ನಿಂತಿದ್ದಾರೆ, ಕುತ್ತಿಗೆಗೆ ಕೈಹೆಣಿಗೆಯ ಮಫ್ಲರ್. ಅದು ಬಿಳಿ ಮಫ್ಲರ್ ಅಲ್ವಾ? ಫೋಟೊದಲ್ಲಿ ಅದೂ ಬಚ್ಚಲೊಲೆಯ ಬೂದಿ ಬಣ್ಣಕ್ಕೆ ಬಂದಿದೆ. ಹಾಗಾಗಿ ಹಿಮದ ತಪ್ಪಲ್ಲ, ನಿಮ್ಮ ಕೈಯ ತಪ್ಪೂ ಅಲ್ಲ. ಕ್ಯಾಮೆರಾ ತನಗೆ ಕಲಿಸಿದ ಲೆಕ್ಕವನ್ನು ಚಾಚೂ ತಪ್ಪದೆ ಮಾಡಿದೆ, ಅಷ್ಟೆ.

ಕ್ಯಾಮೆರಾಕ್ಕೆ ಎದುರಿಗಿರುವುದು ಹಿಮವೋ ಇದ್ದಿಲೋ ಗೊತ್ತಿಲ್ಲ. ಎಷ್ಟು ಬೆಳಕು ಒಳಗೆ ಬರುತ್ತಿದೆ ಅಂತ ಮಾತ್ರ ಅಳೆಯುತ್ತದೆ. ಸಾಮಾನ್ಯ ದೃಶ್ಯದಲ್ಲಿ ಕಪ್ಪು, ಬಿಳಿ, ಹಸಿರು, ಮಣ್ಣು ಎಲ್ಲ ಕಲೆಸಿದರೆ ಒಂದು ನಡುವಿನ ಬೂದಿ ಬಣ್ಣ ಸಿಗುತ್ತದೆ, ಬಿದ್ದ ಬೆಳಕಿನಲ್ಲಿ ಸುಮಾರು 18 ಪರ್ಸೆಂಟ್ ವಾಪಸ್ ಕೊಡುವಂಥ ಬೂದಿ. ಬೆಳಕು ಅಳೆಯುವ ಮೀಟರುಗಳೆಲ್ಲ ಹೆಚ್ಚುಕಡಿಮೆ ಈ ನಂಬಿಕೆಯ ಮೇಲೇ ನಿಂತಿವೆ. ನಮ್ಮ ತೋಟ, ಹೊಳೆ, ಅಂಗಳಕ್ಕೆ ಈ ಲೆಕ್ಕ ಸರಿಹೋಗುತ್ತದೆ. ಆದರೆ ಹೊಸದಾಗಿ ಬಿದ್ದ ಹಿಮ 80ರಿಂದ 90 ಪರ್ಸೆಂಟ್ ಬೆಳಕನ್ನು ವಾಪಸ್ ಎಸೆಯುತ್ತದೆ. ಕ್ಯಾಮೆರಾ ಗಾಬರಿಯಾಗಿ, ಅಯ್ಯೋ ಬೆಳಕು ಜಾಸ್ತಿ ಆಯಿತು ಅಂತ ತಗ್ಗಿಸಿಬಿಡುತ್ತದೆ. ಬೆಳ್ಳಗಿದ್ದದ್ದು ಬೂದಿ ಆಗುತ್ತದೆ. ಈಗಿನ ಕ್ಯಾಮೆರಾಗಳು ಮೊದಲಿಗಿಂತ ಜಾಣ, ಆದರೂ ಎದುರಿಗೆ ಪೂರ್ತಿ ಬಿಳಿ ಇಟ್ಟರೆ ಇಂದಿಗೂ ಹೆದರುತ್ತವೆ.

ನಾನು ಇದನ್ನು ಕಲಿತದ್ದು ಹಿಮದಲ್ಲಲ್ಲ, ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ. ಆಗಿನ್ನೂ ಸ್ಲೈಡ್ ಫಿಲ್ಮಿನ ಕಾಲ. ಅದರಲ್ಲಿ ತಪ್ಪಿದರೆ ತಪ್ಪಿದ ಹಾಗೇ. ಏಪ್ರಿಲ್ ಬಿಸಿಲು, ಗದ್ದೆಯ ಅಂಚಿಗೆ ಸಾಲಾಗಿ ಉಪ್ಪಿನ ರಾಶಿ. ಸಾಣಿಕಟ್ಟೆ ಉಪ್ಪು ಹಾಲಿನಂಥ ಬಿಳಿ ಏನಲ್ಲ, ಆದರೂ ಆ ಬಿಸಿಲಿಗೆ ಕಣ್ಣು ಬಿಡೋಕಾಗುತ್ತಿರಲಿಲ್ಲ. ಮೀಟರ್ ಹೇಳಿದ ಹಾಗೆ ಮೂವತ್ತಾರೂ ಫೋಟೊ ಹೊಡೆದೆ. ತೊಳೆದು ಬಂದಾಗ ರಾಶಿಗಳೆಲ್ಲ ಸಿಮೆಂಟ್ ಸುರಿದ ಹಾಗೆ ಕಾಣುತ್ತಿದ್ದವು. ಒಂದೆರಡನ್ನು ಪ್ರಿಂಟ್ ಹಾಕಿಸಿ ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸಿಗೆ ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, "ನಮ್ಮ ಉಪ್ಪು ಇಷ್ಟು ಕೊಳಕನಾ?" ಅಂತ ಕೇಳಿದಳು. ಮುಖಕ್ಕೆ ಹೊಡೆದ ಹಾಗಾಯಿತು. ಬಿಳಿ ಕಂಡಾಗ ಕ್ಯಾಮೆರಾದ ಮಾತು ಕೇಳಬಾರದು ಅಂತ ಅವತ್ತೇ ಗಂಟು ಹಾಕಿಕೊಂಡೆ.

ಈಗ ನಿಮ್ಮ 1500ಡಿ ಕೈಗೆ ತಗೊಳ್ಳಿ. ಮೇಲಿನ ಚಕ್ರವನ್ನು ಎವಿ ಅಂತ ಬರೆದಲ್ಲಿಗೆ ತಿರುಗಿಸಿ. ಹಸಿರು ಆಟೋದಲ್ಲಿ ಇಟ್ಟರೆ ನಾನು ಮುಂದೆ ಹೇಳುವುದು ಯಾವುದೂ ನಡೆಯುವುದಿಲ್ಲ. ಹಿಂದೆ, ಪ್ಲಸ್ ಮೈನಸ್ ಗುರುತಿರುವ ಎವಿ ಗುಂಡಿ ಇದೆ. ಅದನ್ನು ಒತ್ತಿ ಹಿಡಿದುಕೊಂಡು, ಶಟರ್ ಗುಂಡಿಯ ಹತ್ತಿರದ ಹಲ್ಲಿನ ಚಕ್ರ ತಿರುಗಿಸಿದರೆ ಅಳತೆಪಟ್ಟಿಯ ಮೇಲಿನ ಗುರುತು ಬಲಕ್ಕೆ ಸರಿಯುತ್ತದೆ. ಪ್ಲಸ್ 1 ಅಂದರೆ ಬೆಳಕು ಎರಡು ಪಟ್ಟು, ಪ್ಲಸ್ 2 ಅಂದರೆ ನಾಲ್ಕು ಪಟ್ಟು. ಚೌಕಟ್ಟಿನ ತುಂಬ ಬರೀ ಹಿಮ ಇದ್ದರೆ ಪ್ಲಸ್ 1.5ರಿಂದ 2ರ ಹತ್ತಿರ ಬೇಕಾಗುತ್ತದೆ.

ಆದರೆ ಟನಲ್ ವ್ಯೂನಲ್ಲಿ ಚೌಕಟ್ಟಿನ ತುಂಬ ಹಿಮ ಇರುವುದಿಲ್ಲ. ಇಲ್ಲೇ ತುಂಬ ಜನ ಎಡವುತ್ತಾರೆ. ಎಲ್ಲೋ ಓದಿದ ಪ್ಲಸ್ 2 ಹಾಕಿ ಎಲ್ಲವನ್ನೂ ಸುಣ್ಣ ಬಳಿದ ಗೋಡೆ ಮಾಡಿಕೊಂಡು ಬರುತ್ತಾರೆ. ಅಲ್ಲಿ ಕೆಳಗೆ ಕಪ್ಪು ಹಸಿರು ಮರಗಳ ಕಾಡಿದೆ, ಎಡಬಲಕ್ಕೆ ಬೂದು ಬಂಡೆ ಇದೆ. ಅವೆಲ್ಲ ಸೇರಿ ಲೆಕ್ಕವನ್ನು ಅರ್ಧ ತಾವೇ ಸರಿ ಮಾಡಿರುತ್ತವೆ. ಹಾಗಾಗಿ ಪ್ಲಸ್ 0.7ರಿಂದ ಶುರು ಮಾಡಿ. ಮರಗಳ ತಲೆ ತುಂಬ ಹಿಮ ಕೂತಿದ್ದು ಹಿಂದೆ ಬಿಳಿ ಮೋಡವೂ ಇದ್ದರೆ ಪ್ಲಸ್ 1.3ರವರೆಗೆ ಹೋಗಿ. ಒಂದು ಹೊಡೆದು, ನೋಡಿ, ಬದಲಿಸಿ.

ನೋಡುವುದು ಅಂದರೆ ಸ್ಕ್ರೀನಿನ ಚಿತ್ರವನ್ನಲ್ಲ. ಹಿಮದ ಬೆಳಕಿನಲ್ಲಿ ಸ್ಕ್ರೀನ್ ಯಾವತ್ತೂ ಮಂಕಾಗೇ ಕಾಣುತ್ತದೆ, ಅದನ್ನು ನಂಬಿದರೆ ಕೆಟ್ಟಿರಿ. ಫೋಟೊ ತೆರೆದು ಡಿಸ್ಪ್ಲೇ ಗುಂಡಿ ಒಂದೆರಡು ಸಲ ಒತ್ತಿ, ಒಂದು ಗ್ರಾಫ್ ಬರುತ್ತದೆ. ನೀವು ಪಾಠ ಮಾಡಿದವರು, ಗ್ರಾಫ್ ಓದುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಎಡತುದಿ ಕಡುಕಪ್ಪು, ಬಲತುದಿ ಬರೀ ಬಿಳಿ. ಹಿಮದ ದಿಬ್ಬ ಬಲಗೋಡೆಯ ಹತ್ತಿರ ಇರಬೇಕು, ಗೋಡೆ ಹತ್ತಬಾರದು. ಅದೇ ಪುಟದಲ್ಲಿ ಬೆಳಕು ಮಿತಿಮೀರಿದ ಜಾಗ ಕಪ್ಪು ಬಿಳಿ ಮಿಣುಕುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಮಿಣುಕಿದರೆ ತಲೆ ಕೆಡಿಸಿಕೊಳ್ಳಬೇಡಿ, ಇಡೀ ಮೋಡ ಮಿಣುಕಿದರೆ 0.3 ಇಳಿಸಿ.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್8, ಮರಗಳು ತೀರಾ ಹತ್ತಿರ ಇದ್ದರೆ ಎಫ್11. ಎಫ್22 ಬೇಡ, ಚಿತ್ರದ ಚುರುಕು ಹೋಗುತ್ತದೆ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 100, ಕೈಯಲ್ಲಿ ಹಿಡಿದು ಹೊಡೆಯುವುದಾದರೆ 400. ಫೈಲನ್ನು ರಾ ಮತ್ತು ಜೆಪೆಗ್ ಎರಡರಲ್ಲೂ ಉಳಿಯುವ ಹಾಗೆ ಇಡಿ. ರಾ ಅಂದರೆ ಅಡುಗೆಗೆ ಮೊದಲಿನ ತರಕಾರಿ, ಮನೆಗೆ ಬಂದು ಒಗ್ಗರಣೆ ಹಾಕಬಹುದು.

ಕೆಲವು ಫೋಟೊ ನೀಲಿ ಅಂದಿರಿ. ನೆರಳಿನಲ್ಲಿರುವ ಹಿಮಕ್ಕೆ ಬಿಸಿಲು ಬೀಳುವುದಿಲ್ಲ, ಮೇಲಿನ ನೀಲಿ ಆಕಾಶದ ಬೆಳಕಷ್ಟೇ ಬೀಳುತ್ತದೆ. ಹಿಮ ಅದನ್ನು ಕನ್ನಡಿಯ ಹಾಗೆ ಹಿಡಿದು ತೋರಿಸುತ್ತದೆ. ನಮ್ಮ ಕಣ್ಣಿನ ಹಿಂದೆ ಮಿದುಳು ಕೂತು "ಇದು ಬಿಳಿ ಕಣೇ" ಅಂತ ತಿದ್ದುತ್ತಿರುತ್ತದೆ, ಕ್ಯಾಮೆರಾಕ್ಕೆ ಆ ಸಮಾಧಾನ ಇಲ್ಲ. ಬೆಳಕಿನ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು ಮೋಡದ ಚಿತ್ರ ಇರುವಲ್ಲಿಗೆ ಇಡಿ, ತೀರಾ ನೆರಳಾದರೆ ಮನೆಯ ನೆರಳಿನ ಚಿತ್ರ ಇರುವಲ್ಲಿಗೆ. ಪೂರ್ತಿ ನೀಲಿ ತೆಗೆಯಬೇಡಿ. ಒಂದಿಷ್ಟು ನೀಲಿ ಇದ್ದರೇನೇ ಚಳಿ ಕಾಣುವುದು. ಎಲ್ಲ ತೆಗೆದರೆ ಹತ್ತಿ ಹಾಸಿದ ಯಕ್ಷಗಾನದ ರಂಗಸ್ಥಳದ ಹಾಗೆ ಆಗುತ್ತದೆ.

ಇಷ್ಟು ಕ್ಯಾಮೆರಾದ ಕತೆ. ಇನ್ನು ಜಾಗದ್ದು. ನನಗೆ ಕೇಳಿದರೆ ಇದೇ ದೊಡ್ಡದು.

ಟನಲ್ ವ್ಯೂ ಅಂದರೆ ಹೆಸರೇ ಹೇಳುವ ಹಾಗೆ ಸುರಂಗದ ಬಾಯಿ. ವವೋನಾ ಸುರಂಗ ತೆರೆದದ್ದು 1933ರಲ್ಲಿ, ಉದ್ದ ಸುಮಾರು 1,290 ಮೀಟರ್. ಕತ್ತಲಿಂದ ಹೊರಗೆ ಬಂದ ಕೂಡಲೇ ಕಣಿವೆ ಪೂರ್ತಿ ಎದುರಿಗೆ ಬಿಚ್ಚಿಕೊಳ್ಳುತ್ತದೆ. ಎಡಕ್ಕೆ ಎಲ್ ಕ್ಯಾಪಿಟನ್, ಕಣಿವೆಯ ನೆಲದಿಂದ 900 ಮೀಟರ್ ನೆಟ್ಟಗೆ ನಿಂತ ಒಂದೇ ಬಂಡೆ. ಬಲಕ್ಕೆ ಕ್ಯಾಥೆಡ್ರಲ್ ಬಂಡೆಗಳು, ಅವುಗಳ ಪಕ್ಕ ಬ್ರೈಡಲ್‌ವೇಲ್ ಜಲಪಾತ, 188 ಮೀಟರ್. ನಮ್ಮ ಉಂಚಳ್ಳಿಗಿಂತ ಎತ್ತರ, ಜೋಗದ 253ಕ್ಕಿಂತ ಕಮ್ಮಿ. ಊರ ಅಭಿಮಾನಕ್ಕೆ ಹೇಳಿದೆ. ನಡುವೆ ದೂರದಲ್ಲಿ ಹಾಫ್ ಡೋಮ್, ಅರ್ಧ ಕಡಿದ ತೆಂಗಿನಕಾಯಿ ಕವುಚಿ ಹಾಕಿದ ಹಾಗೆ. ಕಾರು ನಿಲ್ಲಿಸುವ ಜಾಗದಿಂದ ಕಟ್ಟೆಗೆ ನಾಲ್ಕು ಹೆಜ್ಜೆ, ಹಾಗಾಗಿ ನಿಮ್ಮವರ ಮೊಣಕಾಲಿಗೆ ಏನೂ ತೊಂದರೆ ಇಲ್ಲ. ಆದರೆ ಆ ನಾಲ್ಕು ಹೆಜ್ಜೆ ಜಾರುತ್ತವೆ. ತುಳಿದು ತುಳಿದು ಗಟ್ಟಿಯಾದ ಹಿಮ, ಮಳೆಗಾಲದಲ್ಲಿ ಪಾಚಿ ಕಟ್ಟಿದ ನಮ್ಮ ಅಂಗಳಕ್ಕಿಂತ ಕಡೆ. ಇಲ್ಲಾದರೆ ಅಡಿಕೆ ದಬ್ಬೆ ಹಾಸುತ್ತೇವೆ, ಅಲ್ಲಿ ಹಾಸುವವರಿಲ್ಲ. ಬೂಟಿಗೆ ಹಾಕುವ ರಬ್ಬರಿನ ಮುಳ್ಳುಪಟ್ಟಿ ಸಿಗುತ್ತದೆ, ಇಬ್ಬರಿಗೂ ಒಂದೊಂದು ಜೊತೆ ತರಿಸಿಕೊಳ್ಳಿ.

ಇಲ್ಲಿ ನಿಂತರೆ ಮುಖ ಪೂರ್ವಕ್ಕೆ. ಅಂದರೆ ಬೆಳಗಿನ ಸೂರ್ಯ ಎದುರಿಗೆ, ಸಂಜೆಯ ಸೂರ್ಯ ಬೆನ್ನಿಗೆ. ಮೋಡವಿಲ್ಲದ ದಿನ ಬೆಳಿಗ್ಗೆ ಹತ್ತಕ್ಕೆ ಹೋದರೆ ಬಂಡೆಗಳೆಲ್ಲ ಮಬ್ಬು, ಆಕಾಶ ಬಿಳಚು. ಮಧ್ಯಾಹ್ನ ಮೂರರ ಮೇಲೆ ಚೆನ್ನ. ಜನವರಿಯಲ್ಲಿ ಐದರ ಸುಮಾರಿಗೆಲ್ಲ ಸೂರ್ಯ ಮುಳುಗುತ್ತಾನೆ. ಕಣಿವೆ ನೆರಳಿಗೆ ಹೋದ ಮೇಲೂ ಎಲ್ ಕ್ಯಾಪಿಟನ್ ಮತ್ತು ಹಾಫ್ ಡೋಮ್ ಮೇಲೆ ಸ್ವಲ್ಪ ಹೊತ್ತು ಕೆಂಪು ನಿಂತಿರುತ್ತದೆ. ಬ್ರೈಡಲ್‌ವೇಲ್ ಕಡೆ ಚಳಿಗಾಲದಲ್ಲಿ ನೆರಳೇ ಜಾಸ್ತಿ, ಅದು ಹೊಳೆಯಲಿ ಅಂತ ಕಾಯಬೇಡಿ.

ಆದರೆ ನಿಜ ಹೇಳಬೇಕಾದರೆ ಗಂಟೆ ನೋಡಿ ಹೋಗುವ ಜಾಗ ಇದಲ್ಲ, ಮೋಡ ನೋಡಿ ಹೋಗುವ ಜಾಗ. ಆನ್ಸೆಲ್ ಆಡಮ್ಸ್ ಅನ್ನುವ ಫೋಟೊಗ್ರಾಫರ್ ಹೆಸರು ಕೇಳಿರಬಹುದು. 1916ರಲ್ಲಿ ಹದಿನಾಲ್ಕು ವರ್ಷದ ಹುಡುಗನಾಗಿ ಅಪ್ಪ ಅಮ್ಮ ಕೊಡಿಸಿದ ಡಬ್ಬಿ ಕ್ಯಾಮೆರಾ ಹಿಡಿದುಕೊಂಡು ಯೊಸೆಮಿಟಿಗೆ ಬಂದವರು, ಆಮೇಲೆ ಜೀವಮಾನ ಪೂರ್ತಿ ಆ ಕಣಿವೆಯನ್ನು ಬಿಡಲಿಲ್ಲ. ಅವರ ತುಂಬ ಹೆಸರಾದ ಒಂದು ಚಿತ್ರ ಇದೇ ಕಟ್ಟೆಯ ಹತ್ತಿರದ್ದು. ಡಿಸೆಂಬರ್ ಮೊದಲ ಭಾಗ, ಮೊದಲು ಮಳೆ, ಆಮೇಲೆ ಹಿಮ, ಮಧ್ಯಾಹ್ನದ ಹೊತ್ತಿಗೆ ಮೋಡ ಹರಿಯಲು ಶುರು. ಅವರು ಅಲ್ಲಿಗೆ ಬಂದು ದೊಡ್ಡ ಕ್ಯಾಮೆರಾ ಹೂಡಿ ಕಾದರು. ಅದರಲ್ಲಿ ಸೂರ್ಯೋದಯ ಸೂರ್ಯಾಸ್ತ ಎರಡೂ ಇಲ್ಲ. ಹರಿಯುತ್ತಿರುವ ಮೋಡ ಇದೆ.

ನಮ್ಮಲ್ಲಿ ಹಿಮಕ್ಕೂ ಮಂಜು, ಬೆಳಗಿನ ಮುಸುಕಿಗೂ ಮಂಜು. ನನ್ನ ಪ್ರಕಾರ ಟನಲ್ ವ್ಯೂನ ಫೋಟೊಗೆ ಎರಡನೆಯ ಮಂಜೇ ಮುಖ್ಯ. ಹಿಮ ಬರೀ ಹಿನ್ನೆಲೆ. ಎಲ್ಲವೂ ಸ್ಪಷ್ಟವಾಗಿ ಕಾಣುವ ನೀಲಿ ಆಕಾಶದ ದಿನ ಅಲ್ಲಿ ತೆಗೆದ ಫೋಟೊ ಪೋಸ್ಟ್ ಕಾರ್ಡಿನಲ್ಲಿ ಇರುವುದೇ. ಅದನ್ನು ಅಂಗಡಿಯಲ್ಲೇ ಕೊಂಡುಕೊಳ್ಳಬಹುದು. ಮೋಡ ಎಲ್ ಕ್ಯಾಪಿಟನ್ ಸೊಂಟಕ್ಕೆ ಸುತ್ತಿಕೊಂಡು ತಲೆ ಮಾತ್ರ ಹೊರಗಿದ್ದಾಗ, ಹಾಫ್ ಡೋಮ್ ಒಂದು ನಿಮಿಷ ಕಂಡು ಮತ್ತೆ ಮುಚ್ಚಿಕೊಂಡಾಗ, ಆಗ ಹೊಡೆಯಿರಿ. ಎಲ್ಲವೂ ಹೊರಗೆ ಬರಲಿ ಅಂತ ಕಾಯುವವರು ಕೊನೆಗೆ ಪೋಸ್ಟ್ ಕಾರ್ಡೇ ತೆಗೆಯುತ್ತಾರೆ.

ಇದನ್ನು ಅಷ್ಟು ಗಟ್ಟಿಯಾಗಿ ಹೇಳುವುದಕ್ಕೆ ನನಗೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಅಕ್ಕನ ಮಗನ ಮನೆಗೆ ಹೋದವನು ಒಂದು ಜನವರಿ ಬೆಳಿಗ್ಗೆ ಒಂಬತ್ತಕ್ಕೆ ಆ ಕಟ್ಟೆ ಹಿಡಿದು ನಿಂತೆ. ಎದುರಿಗೆ ಏನೂ ಇಲ್ಲ. ಬಿಳಿ ಪರದೆ. ಕಟ್ಟೆಯ ಆಚೆಗಿನ ಮರಗಳಷ್ಟೇ ಕಾಣುತ್ತಿದ್ದವು. ಬಸ್ಸುಗಳು ಬಂದವು, ಜನ ಇಳಿದು ಆ ಬಿಳಿಯ ಎದುರೇ ಸೆಲ್ಫಿ ತೆಗೆದುಕೊಂಡು ಹೋದರು. ಹನ್ನೆರಡಕ್ಕೆ ಮೊಮ್ಮಗನಿಗೆ ಹಸಿವು, ಅಳು, ನನಗೂ ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಹೊರಟೆವು. ಕೆಳಗೆ ಕಣಿವೆ ಸೇರಿ ಹಿಂದೆ ತಿರುಗಿ ನೋಡುತ್ತೇನೆ, ಪರದೆ ಎದ್ದಿದೆ! ಎಲ್ ಕ್ಯಾಪಿಟನ್ ಮೇಲೆ ಬಿಸಿಲಿನ ಒಂದು ಪಟ್ಟಿ, ಬುಡದಲ್ಲಿ ಹೊಗೆಯ ಹಾಗೆ ಮೋಡ. ತಿರುಗಿಸೋ ಅಂದರೆ ಅಲ್ಲಿನ ರಸ್ತೆ ಒನ್ ವೇ, ಒಂದು ಸುತ್ತು ಹೊಡೆದೇ ಮೇಲೆ ಬರಬೇಕು. ವಾಪಸ್ ಬರುವಷ್ಟರಲ್ಲಿ ಮತ್ತೆ ಬಿಳಿ. ಕಟ್ಟೆಯಲ್ಲಿ ಒಬ್ಬ ಮುದುಕ ಟ್ರೈಪಾಡ್ ಮಡಚುತ್ತಿದ್ದ, ನನ್ನ ಮುಖ ನೋಡಿ ನಕ್ಕ. ಬೆಳಿಗ್ಗೆ ನನ್ನ ಪಕ್ಕದಲ್ಲೇ ನಿಂತಿದ್ದವನು ಅವನು.

ಹಾಗಾಗಿ ಊಟ ಕಟ್ಟಿಕೊಂಡು ಹೋಗಿ, ಒಬ್ಬರು ಕಾರಿನಲ್ಲಿ ಬೆಚ್ಚಗೆ ಕೂರಿ, ಒಬ್ಬರು ಕಟ್ಟೆಯಲ್ಲಿ. ಸರದಿ ಮಾಡಿಕೊಳ್ಳಿ. ತೊಡೆದೇವು ಮಾತ್ರ ಬೇಡ, ಕೈಗವಸು ಹಾಕಿಕೊಂಡು ಅದನ್ನು ತಿನ್ನೋಕಾಗಲ್ಲ, ಪುಡಿಯೆಲ್ಲ ಲೆನ್ಸಿನ ಮೇಲೆ. ಹವಾಮಾನದಲ್ಲಿ ಬಿರುಗಾಳಿ ಮುಗಿಯುವ ದಿನ ನೋಡಿ ಹೊರಡಿ, ಬಿರುಗಾಳಿ ಮುಗಿದ ಮರುದಿನ ಅಲ್ಲ. ಯೊಸೆಮಿಟಿಯ ಹಿಮ ಮರದ ಮೇಲೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಕಣಿವೆ ಅಷ್ಟೇನೂ ಎತ್ತರದಲ್ಲಿಲ್ಲ, ಸುಮಾರು 1,200 ಮೀಟರ್. ಬಿಸಿಲು ತಾಗಿದ ಮೇಲೆ ಕೊಂಬೆಯಿಂದ ಧಬಕ್ ಧಬಕ್ ಅಂತ ಬೀಳಲು ಶುರುವಾಗುತ್ತದೆ, ಮಧ್ಯಾಹ್ನಕ್ಕೆ ಕಾಡು ಮತ್ತೆ ಹಸಿರು. ಪಾರ್ಕಿನ ವೆಬ್‌ಕ್ಯಾಮ್‌ಗಳು ಇವೆ, ಮಗಳಿಗೆ ಹೇಳಿದರೆ ಹೊರಡುವ ಮೊದಲೇ ಮೊಬೈಲಿನಲ್ಲಿ ಕಣಿವೆ ತೋರಿಸುತ್ತಾಳೆ.

ಲೆನ್ಸಿನ ವಿಷಯ. ಕಟ್ಟೆಗೆ ಬಂದವರೆಲ್ಲ 18ಕ್ಕೆ ಇಟ್ಟು ಎಲ್ ಕ್ಯಾಪಿಟನ್, ಹಾಫ್ ಡೋಮ್, ಜಲಪಾತ ಮೂರನ್ನೂ ಒಟ್ಟಿಗೆ ಹಿಡಿಯುತ್ತಾರೆ. ನೀವೂ ಒಂದು ಹಿಡಿಯಿರಿ, ಮಗಳ ಮನೆಯ ಗೋಡೆಗೆ ಬೇಕಾಗುತ್ತದೆ. ಆಮೇಲೆ ದೂರದ್ದನ್ನು ಹತ್ತಿರ ತರುವ 55-250 ಹಾಕಿ, ಇನ್ನು ಅದನ್ನು ತೆಗೆಯಬೇಡಿ. ಎಲ್ ಕ್ಯಾಪಿಟನ್ ಅಂಚಿನ ಮೇಲೆ ಸಾಲಾಗಿ ನಿಂತ ಮರಗಳು ಬಿಳಿ ಮೋಡದ ಎದುರು ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತವೆ. ಕೆಳಗೆ ಕಾಡಿನ ಮಧ್ಯೆ ಒಂದೇ ಮರಕ್ಕೆ ಬಿಸಿಲು ಬಿದ್ದಿರುತ್ತದೆ. ಬಂಡೆಯ ಬಿರುಕಿನಲ್ಲಿ ಹಿಮ ಕೂತು ಗೆರೆ ಎಳೆದಿರುತ್ತದೆ. ಇವು ನಿಮ್ಮ ಫೋಟೊ. ಆಕಾಶ ಬರೀ ಬಿಳಿ ಇದ್ದರೆ ಅದನ್ನು ಚೌಕಟ್ಟಿನಿಂದ ಹೊರಗೇ ಇಡಿ, ಏನೂ ಇಲ್ಲದ ಜಾಗಕ್ಕೆ ಅರ್ಧ ಫೋಟೊ ಕೊಡುವುದು ಯಾಕೆ?

ಹಿಮ ಬೀಳುತ್ತಿರುವಾಗಲೇ ಹೊಡೆಯುವುದಾದರೆ ಫ್ಲ್ಯಾಶ್ ಏಳದ ಹಾಗೆ ನೋಡಿಕೊಳ್ಳಿ. ಹತ್ತಿರದ ಹಿಮದ ಹರಳುಗಳೆಲ್ಲ ದೊಡ್ಡ ಬಿಳಿ ಉಂಡೆಗಳಾಗಿ ಬರುತ್ತವೆ, ಮೊದಲ ಮಳೆಯ ರಾತ್ರಿ ಮಳೆಹುಳದ ಮಧ್ಯೆ ಫ್ಲ್ಯಾಶ್ ಹೊಡೆದ ಹಾಗೆ. ಶಟರನ್ನು ಸೆಕೆಂಡಿನ 250ರಲ್ಲಿ ಒಂದು ಭಾಗಕ್ಕೆ ಇಟ್ಟರೆ ಹರಳು ಚುಕ್ಕೆಯಾಗಿ ನಿಲ್ಲುತ್ತದೆ, 30ರಲ್ಲಿ ಒಂದಕ್ಕೆ ಇಳಿಸಿದರೆ ಗೆರೆಯಾಗುತ್ತದೆ. ನನಗೆ ಗೆರೆಗಿಂತ ಚುಕ್ಕೆ ಇಷ್ಟ. ಆಟೋಫೋಕಸ್ ಹತ್ತಿರದ ಹರಳನ್ನೇ ಹಿಡಿಯಲು ಒದ್ದಾಡುತ್ತದೆ, ದೂರದ ಬಂಡೆಗೆ ಫೋಕಸ್ ಮಾಡಿ ಲೆನ್ಸಿನ ಬದಿಯ ಗುಂಡಿಯನ್ನು ಮ್ಯಾನುಯಲ್‌ಗೆ ತಳ್ಳಿಬಿಡಿ. ಲೆನ್ಸ್ ಹುಡ್ ಹಾಕಿ, ಹೊಡೆಯದಿರುವಾಗ ಮುಖ ಕೆಳಗೆ ಮಾಡಿ ಹಿಡಿಯಿರಿ. ಗಾಜಿನ ಮೇಲೆ ಹಿಮ ಬಿದ್ದರೆ ಬಾಯಿಯಿಂದ ಊದಬೇಡಿ, ಉಸಿರು ಅಲ್ಲೇ ಹೆಪ್ಪುಗಟ್ಟುತ್ತದೆ. ಗಾಳಿ ಊದುವ ರಬ್ಬರ್ ಬುಡ್ಡೆ ಬಳಸಿ. ಸೀರೆ ಸೆರಗಂತೂ ಬೇಡವೇ ಬೇಡ.

ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ. ಇನ್ನೊಂದು ಬ್ಯಾಟರಿ ಒಳಗಿನ ಜೇಬಿನಲ್ಲಿ, ಮೈಗೆ ತಾಗಿದ ಹಾಗೆ ಇರಲಿ. ಸೋತದ್ದನ್ನು ಜೇಬಿಗೆ ಹಾಕಿ ಬೆಚ್ಚಗೆ ಮಾಡಿದರೆ ಇನ್ನಷ್ಟು ಫೋಟೊಗೆ ಜೀವ ಬರುತ್ತದೆ.

ಆದರೆ ಚಳಿಗಿಂತ ಕ್ಯಾಮೆರಾಕ್ಕೆ ನಿಜವಾದ ಅಪಾಯ ಬೆಚ್ಚಗಿನ ಮನೆ. ಕಾರವಾರದಲ್ಲಿ ಎಸಿ ಕಾರಿನಿಂದ ಇಳಿದು ಟ್ಯಾಗೋರ್ ಬೀಚಿನ ಕಡೆ ಕ್ಯಾಮೆರಾ ಎತ್ತಿದ ಕೂಡಲೇ ಲೆನ್ಸ್ ಬೆವರುತ್ತದೆ, ನೋಡಿದ್ದೀರಲ್ಲ? ತಣ್ಣಗಿನ ಗಾಜಿಗೆ ಹಸಿ ಗಾಳಿ ತಾಗಿದಾಗ ಆಗುವುದು ಅದು. ಹಿಮದಲ್ಲಿ ಮೂರು ತಾಸು ತಣ್ಣಗಾದ ಕ್ಯಾಮೆರಾವನ್ನು, ಸಾರು ಕುದಿಯುತ್ತಿರುವ ಮನೆಯೊಳಗೆ ತಂದು ತೆರೆದರೆ ಅದೇ ಬೆವರು ಒಳಗೂ ಕೂರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಬಂದು ಹೊಟ್ಟೆ ಉರಿಸಿಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊರಗಿರುವಾಗಲೇ ಮೆಮೊರಿ ಕಾರ್ಡ್ ತೆಗೆದುಕೊಂಡು, ಕ್ಯಾಮೆರಾವನ್ನು ಜಿಪ್ ಇರುವ ದೊಡ್ಡ ಪ್ಲಾಸ್ಟಿಕ್ ಕವರಿಗೆ ಹಾಕಿ ಗಾಳಿಯಾಡದ ಹಾಗೆ ಮುಚ್ಚಿ. ಮನೆಗೆ ಬಂದು ಎರಡು ತಾಸು ಅದನ್ನು ಮುಟ್ಟಬೇಡಿ. ಬೆವರುವುದಿದ್ದರೆ ಕವರಿನ ಹೊರಗೆ ಬೆವರಲಿ.

ದಾರಿ ಬಗ್ಗೆ ಎರಡು ಮಾತು. ಚಳಿಗಾಲದಲ್ಲಿ ಪಾರ್ಕಿನ ಒಳಗೆ ಕಾರಿನ ಚಕ್ರಕ್ಕೆ ಹಾಕುವ ಚೈನ್ ಜೊತೆಗಿಟ್ಟುಕೊಳ್ಳಬೇಕಾಗುತ್ತದೆ, ನಾಲ್ಕು ಚಕ್ರದ ಡ್ರೈವ್ ಕಾರಿದ್ದರೂ. ಮರ್ಸೆಡ್ ಕಡೆಯಿಂದ ಬರುವ 140ನೇ ಹೆದ್ದಾರಿ ತಗ್ಗಿನ ದಾರಿ, ಹಿಮದ ಕಾಟ ಕಮ್ಮಿ. ಅಳಿಯನಿಗೆ ಅದನ್ನೇ ಹೇಳಿ. ಡ್ರೋನ್ ಮನೆಯಲ್ಲೇ ಬಿಟ್ಟು ಬರಲಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದಲೇ ಅದಕ್ಕೆ ನಿಷೇಧ, ಹಾರಿಸಿದರೆ ದಂಡ.

ಇನ್ನೊಂದು ಆಸೆ ಹುಟ್ಟಿಸಿಬಿಡುತ್ತೇನೆ. ಹೋಗುವ ಮೊದಲು ಪಂಚಾಂಗ ನೋಡಿ, ಬನದ ಹುಣ್ಣಿಮೆ ಯಾವತ್ತು ಅಂತ. ಚಳಿಗಾಲದ ಹುಣ್ಣಿಮೆ ಚಂದ್ರ, ಬೇಸಿಗೆಯ ಸೂರ್ಯ ಹುಟ್ಟುವ ಕಡೆ, ಅಂದರೆ ಪೂರ್ವದಿಂದ ಉತ್ತರಕ್ಕೆ ವಾಲಿ ಹುಟ್ಟುತ್ತಾನೆ. ಟನಲ್ ವ್ಯೂನಿಂದ ನೋಡಿದರೆ ಅದು ಹಾಫ್ ಡೋಮಿನ ಆಸುಪಾಸು. ಹುಣ್ಣಿಮೆಯ ಹಿಂದಿನ ಸಂಜೆ ಒಳ್ಳೆಯದು, ಬಂಡೆಯ ಮೇಲೆ ಇನ್ನೂ ಬೆಳಕಿರುವಾಗಲೇ ಚಂದ್ರ ಬರುತ್ತಾನೆ. ಆದರೆ ನಮ್ಮ ಪಂಚಾಂಗದ ಗಂಟೆ ಅಲ್ಲಿಗೆ ನಡೆಯುವುದಿಲ್ಲ, ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ತಾಸು ಹಿಂದೆ. ಚಂದ್ರೋದಯದ ಸಮಯವನ್ನು ಅಲ್ಲಿನ ಲೆಕ್ಕದಲ್ಲೇ ನೋಡಿಕೊಳ್ಳಿ.

ಹೋಗುವವರೆಗೆ ಮನೆಯಲ್ಲೇ ಅಭ್ಯಾಸ ಮಾಡಿ. ತಾರಸಿ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ, ನಡುವೆ ಒಂದು ತಾಮ್ರದ ತಂಬಿಗೆ ಇಡಿ. ಬೆಡ್‌ಶೀಟೇ ಹಿಮ, ತಂಬಿಗೆ ಬಂಡೆ. ಸೊನ್ನೆಯಲ್ಲಿ ಒಂದು, ಪ್ಲಸ್ 0.7ರಲ್ಲಿ ಒಂದು, 1.3ರಲ್ಲಿ, 2ರಲ್ಲಿ. ಬಟ್ಟೆ ಬೆಳ್ಳಗೂ ಇರಬೇಕು, ಸುಕ್ಕೂ ಕಾಣಬೇಕು. ಯಾವುದರಲ್ಲಿ ಎರಡೂ ಇದೆಯೋ ಅದೇ ಸರಿ. ಇನ್ನು ಮುಸುಕು ಹರಿಯುವುದನ್ನು ಕಾಯುವ ಅಭ್ಯಾಸಕ್ಕೆ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಯಲ್ಲಾಪುರದ ಜೇನುಕಲ್ಲು ಗುಡ್ಡಕ್ಕೆ ಹೋಗಿ ಬನ್ನಿ. ಎಲ್ಲರೂ ಅಲ್ಲಿಗೆ ಸೂರ್ಯಾಸ್ತಕ್ಕೆ ಹೋಗುತ್ತಾರೆ. ಬೆಳಿಗ್ಗೆ ಬೇಡ್ತಿ ಕಣಿವೆಯಿಂದ ಮಂಜು ಏಳುವಾಗ ಒಂದು ಗುಡ್ಡ ಕಂಡು ಒಂದು ಮುಚ್ಚಿಕೊಳ್ಳುತ್ತಿರುತ್ತದೆ, ಬೆರಳು ಶಟರ್ ಮೇಲೆ ಇಟ್ಟುಕೊಂಡು ಸುಮ್ನೆ ನಿಲ್ಲುವುದು ಅಲ್ಲೇ ರೂಢಿಯಾಗುತ್ತದೆ.

ಹಳೆ ಫೋಟೊ ಎಸೆಯಬೇಡಿ. ಒಂದು ಲೆಕ್ಕದಲ್ಲಿ ನಿಮ್ಮದು ಒಳ್ಳೆಯ ತಪ್ಪು. ಬೆಳಕು ಕಮ್ಮಿಯಾದ ಹಿಮವನ್ನು ಎತ್ತಬಹುದು, ಸುಟ್ಟುಹೋದ ಹಿಮದಲ್ಲಿ ಎತ್ತುವುದಕ್ಕೆ ಏನೂ ಉಳಿದಿರುವುದಿಲ್ಲ. ಮೊಬೈಲಿನಲ್ಲಿ ಫೋಟೊ ತಿದ್ದುವ ಯಾವ ಆ್ಯಪ್ ಆದರೂ ಆದೀತು. ಮೊದಲು ಬೆಚ್ಚಗಿನ ಬಣ್ಣದ ಕಡೆಗೆ ಒಂದು ಚೂರು ಸರಿಸಿ, ನೀಲಿ ತಗ್ಗಲಿ. ಆಮೇಲೆ ಎಕ್ಸ್‌ಪೋಶರ್ ಪಟ್ಟಿಯನ್ನು ನಿಧಾನಕ್ಕೆ ಬಲಕ್ಕೆ ಎಳೆಯಿರಿ. ಹಿಮ ನೋಡಬೇಡಿ, ನಿಮ್ಮವರ ಕುತ್ತಿಗೆ ನೋಡಿ. ಆ ಮಫ್ಲರಿನ ಬಿಳಿ ನಿಮಗೆ ನೆನಪಿರುತ್ತದೆ. ಅಷ್ಟು ಬಿಳಿ ಬಂದ ಕೂಡಲೇ, ಹೆಣಿಗೆ ಇನ್ನೂ ಎಣಿಸುವ ಹಾಗೆ ಕಾಣುತ್ತಿರುವಾಗಲೇ ಬೆರಳು ತೆಗೆಯಿರಿ.